ತೊಳೆದ ಚಿತ್ರ

ಟೀವಿ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಪಾಲಿಶ್ ಎಂದು. ಮಾಲೀಕನೂ ಹಾಗೇ ಕರೆಯುತ್ತಿದ್ದ, ಗಿರಾಕಿಗಳೂ ಹಾಗೇ ಕೇಳಿಕೊಂಡು ಬರುತ್ತಿದ್ದರು. ಹದಿನೆಂಟು ವರ್ಷ ಒಂದೇ ಅಂಗಡಿಯಲ್ಲಿ ಕಾಲು ಸವೆಸಿದವನಿಗೆ ಇಷ್ಟಾದರೂ ಬಿರುದು ಬೇಡವೇ? ಬೇರೆಯವರು ಟೀವಿ ಮಾರಿ ಕೈತೊಳೆದುಕೊಳ್ಳುತ್ತಾರೆ. ಪಾಲಿಶ್ ಹಾಗಲ್ಲ. ಡಬ್ಬ ಮನೆ ಸೇರಿದ ಮೇಲೆ ತಾನೇ ಹೋಗಿ, ಗೋಡೆಗೆ ತೂಗುಹಾಕಿಸಿ, ರಿಮೋಟ್ ಹಿಡಿದು ಕೂತು ಅರ್ಧ ಗಂಟೆ ಬಣ್ಣ, ಬೆಳಕು ತಿದ್ದುತ್ತಿದ್ದ. ಕಡೆಯಲ್ಲಿ ಇನ್ನೊಂದು ಕೆಲಸ. ಅದಕ್ಕೆ ಅವನಿಟ್ಟ ಹೆಸರು 'ಚಿತ್ರ ತೊಳೆಯೋದು.'

ಸೆಟ್ಟಿಂಗ್ಸಿನ ಒಳಗೆ, ಒಳಗಿನ ಒಳಗೆ, ನಾಯ್ಸ್ ರಿಡಕ್ಷನ್ ಎಂಬ ಆಯ್ಕೆ ಇರುತ್ತದೆ. ಚಿತ್ರದ ಮೇಲೆ ಉದುರಿದಂತೆ ಕಾಣುವ ಸಣ್ಣ ಸಣ್ಣ ಕಾಳುಗಳನ್ನು ಅದು ಕಸವೆಂದು ತಿಳಿದು ಅಳಿಸಿ, ಆ ಜಾಗಕ್ಕೆ ಸುತ್ತಲಿನ ಬಣ್ಣವನ್ನೇ ಬಳಿದುಬಿಡುತ್ತದೆ. ಪಾಲಿಶ್ ಅದನ್ನು ಕೊನೆಯ ಗೆರೆಯವರೆಗೂ ಏರಿಸುತ್ತಿದ್ದ. ಮುಖಗಳು ನುಣ್ಣಗಾಗುತ್ತಿದ್ದವು, ಆಕಾಶ ಆಗಷ್ಟೇ ಒಗೆದು ಹರವಿದ ಬಟ್ಟೆಯಂತಾಗುತ್ತಿತ್ತು, ಮನೆಮಂದಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆಮೇಲೆ ಮಕ್ಕಳು ಕೈಯಾಡಿಸಿ ಕೆಡಿಸದಿರಲಿ ಎಂದು ನಾಲ್ಕು ಅಂಕಿಯ ಬೀಗ. ಅಂಕಿಯನ್ನು ಯಾರಿಗೂ ಹೇಳುತ್ತಿರಲಿಲ್ಲ. "ಏನಾದ್ರೂ ಬೇಕಿದ್ರೆ ನಂಗೇ ಫೋನ್ ಮಾಡಿ" ಎನ್ನುತ್ತಿದ್ದ. ಫೋನ್ ಬಂದರೆ ಅವನಿಗೆ ಎಲ್ಲಿಲ್ಲದ ಹಿಗ್ಗು.

ಆ ಹಿಗ್ಗಿಗೆ ಮನೆಯಲ್ಲಿ ಒಬ್ಬ ಪಾಲುದಾರಳಿದ್ದಳು, ಅಕ್ಕ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಂದಿನಿಂದ ಅವಳು ಶರಟು ಹೊಲಿಯುವ ಕಾರ್ಖಾನೆಯಲ್ಲಿ ಕೂತು, ಲಕ್ಷಗಟ್ಟಲೆ ತೋಳುಗಳನ್ನು ಜೋಡಿಸಿ ಅವನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ "ಇವನದೊಂದು ದಾರಿ ಆಗ್ಲಿ" ಎಂದು ಮುಂದೂಡಿದಳು. ಕಡೆಗೆ ಮುಂದೂಡಲು ಮಾತೇ ಬರದಂತಾಯಿತು. ಅವನೂ ಮದುವೆಯಾಗಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಅಕ್ಕ, ತಮ್ಮ ಮತ್ತು ಗೋಡೆ ತುಂಬುವ ಒಂದು ಟೀವಿ. ಕಾರ್ಖಾನೆಯಲ್ಲಿ ಯಾರಾದರೂ ಟೀವಿ ಕೊಳ್ಳುವ ಮಾತೆತ್ತಿದರೆ ಸಾಕು, ಅಕ್ಕ ಮೆಷಿನ್ ನಿಲ್ಲಿಸಿ ಬಾಯಿ ಹಾಕುತ್ತಿದ್ದಳು.

"ಪಾಲಿಶ್ ಅಂತ ಇದ್ದಾನೆ, ಅವನತ್ರ ಹೋಗು."

"ಯಾರೇ ಅವ್ನು?"

"ಯಾರು ಅಂತೀಯಲ್ಲೇ! ನನ್ನ ತಮ್ಮ!"

ಸ್ಕ್ಯಾನ್ ಸೆಂಟರಿನ ಡಾಕ್ಟ್ರಮ್ಮ ಅಂಗಡಿಗೆ ಬಂದದ್ದು ಒಂದು ಬೆಳಿಗ್ಗೆ, ಇನ್ನೂ ನೆಲ ಒರೆಸುವಾಗಲೇ. ಹೆಂಗಸರ ಎದೆಯ ಎಕ್ಸ್‌ರೇ ತೆಗೆದು, ಗಂಟುಗಿಂಟು ಇದೆಯೇ ಎಂದು ನೋಡಿ ಬರೆದುಕೊಡುವುದು ಆಕೆಯ ಕೆಲಸ. ಅದನ್ನು ನೋಡುವ ಮಾನಿಟರ್ ಸುಟ್ಟುಹೋಗಿತ್ತು. ಆ ಕೆಲಸಕ್ಕೆಂದೇ ಮಾಡಿದ ಮಾನಿಟರ್ ತರಿಸಲು ಎರಡು ತಿಂಗಳು ಬೇಕು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹೊರಗೆ ಬೆಂಚಿನ ತುಂಬ ಹೆಂಗಸರು ಕಾಯುತ್ತಿದ್ದಾರೆ.

"ಎರಡು ತಿಂಗಳ ಮಟ್ಟಿಗೆ ಅಷ್ಟೇ. ಇದ್ರಲ್ಲಿ ಎಕ್ಸ್‌ರೇ ನೋಡ್ಬಹುದಾ?" ಎಂದು ಆಕೆ ಗೋಡೆಯ ಮೇಲಿನದೊಂದನ್ನು ತೋರಿಸಿದಳು.

"ಏನು ಹಿಂಗೆ ಕೇಳ್ತೀರಿ ಡಾಕ್ಟ್ರೇ! ಇರುವೆ ಮೀಸೆ ಎಣಿಸ್ಬಹುದು ಇದ್ರಲ್ಲಿ. ಫೋರ್ ಕೆ!"

ಅವನು ಸುಳ್ಳು ಹೇಳಲಿಲ್ಲ. ಪರದೆಯಲ್ಲಿ ಐಬಿರಲಿಲ್ಲ. ಐಬು ಇದ್ದದ್ದು ಅವನ ಕೈಯಲ್ಲಿ.

ಕಿಟಕಿಯಿಲ್ಲದ ಆ ಸಣ್ಣ ಕೋಣೆಯಲ್ಲಿ ಟೀವಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಕಂಪ್ಯೂಟರಿಗೆ ತಂತಿ ಸಿಕ್ಕಿಸಿದಾಗ ಒಂದು ಬೂದು ಚಿತ್ರ ಮೂಡಿತು. ಅದರ ತುಂಬ ಕಾಳು ಕಾಳು.

"ಇದೇನು ಡಾಕ್ಟ್ರೇ, ಉಪ್ಪು ಚೆಲ್ಲಿದ ಹಾಗಿದೆ!"

"ಹಳೇದ್ರಲ್ಲೂ ಒಂಚೂರು ಹಾಗೇ..." ಎನ್ನುವಷ್ಟರಲ್ಲಿ ಆಕೆಗೆ ಫೋನ್ ಬಂದು ಹೊರಗೆ ಹೋದಳು. ಪಾಲಿಶ್‌ಗೆ ಕಾಳು ಕಂಡರೆ ಕೈ ಸುಮ್ಮನಿರುತ್ತದೆಯೇ? ಒಳಗಿನ ಒಳಗೆ ಹೋಗಿ, ಕೊನೆಯ ಗೆರೆಯವರೆಗೂ ಏರಿಸಿ, ಚಿತ್ರ ತೊಳೆದ. ಬೀಗ ಹಾಕಿದ. ಡಾಕ್ಟ್ರಮ್ಮ ವಾಪಸು ಬಂದು "ಅಬ್ಬ, ಎಷ್ಟು ಕ್ಲೀನಾಗಿದೆ!" ಎಂದಳು. ಏನು ಮಾಡಿದಿರಿ ಎಂದು ಆಕೆ ಕೇಳಲಿಲ್ಲ. ನಲವತ್ತು ಹೆಂಗಸರ ಚಿತ್ರಗಳು ಸಾಲುಗಟ್ಟಿ ಕಾಯುತ್ತಿದ್ದವು, ಆಕೆ ಕುರ್ಚಿ ಎಳೆದುಕೊಂಡು ನೋಡಲು ಶುರುಮಾಡಿದಳು. ಎರಡು ತಿಂಗಳು ಮುಗಿದವು, ಆರೂ ಮುಗಿದವು. ಚೆನ್ನಾಗಿ ನಡೆಯುತ್ತಿರುವುದನ್ನು ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಕ್ಕನನ್ನು ಅಲ್ಲಿಗೆ ಹೊರಡಿಸಿದವನು ಅವನೇ. ಅವಳಿಗೆ ನೋವು, ಗಂಟು ಏನೂ ಇರಲಿಲ್ಲ. "ಐವತ್ತು ಹತ್ರ ಬಂತು, ಒಂದ್ಸಲ ತೋರಿಸ್ಕೊಂಡು ಬಾ. ನಾನು ಹಾಕಿದ ಪರದೆ ಬೇರೆ" ಎಂದು ಬೆನ್ನು ಬಿದ್ದ.

"ಓಹೋ, ನಾನೂ ನಿನ್ನ ಟೀವಿಲಿ ಬರ್ತೀನಿ ಅನ್ನು" ಎಂದು ಅಕ್ಕ ನಕ್ಕಳು. ಹೋಗಿ ತೋರಿಸಿಕೊಂಡು ಬಂದಳು. ಏನೂ ತೊಂದರೆಯಿಲ್ಲ ಎಂದು ಬರೆದ ಕಾಗದವನ್ನು ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಕಾರ್ಖಾನೆಗೂ ಒಯ್ದು ತೋರಿಸಿದಳು.

ಹನ್ನೊಂದು ತಿಂಗಳು ಕಳೆದ ಮೇಲೆ, ಸ್ನಾನ ಮಾಡುವಾಗ ಬೆರಳಿಗೆ ಗಂಟು ಸಿಕ್ಕಿತು.

ದೊಡ್ಡಾಸ್ಪತ್ರೆಯ ವಯಸ್ಸಾದ ಡಾಕ್ಟರು ಮಿತಭಾಷಿ. ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಸ್ಕ್ಯಾನ್ ಸೆಂಟರಿನವರು ಚಿತ್ರ ಹಾಕಿಕೊಟ್ಟಿದ್ದ ಹಳೆಯ ಸಿ.ಡಿ. ಕೇಳಿ ತೆಗೆದುಕೊಂಡು ತಮ್ಮ ಯಂತ್ರಕ್ಕೆ ಹಾಕಿದರು. ಅವರೆದುರು ಎರಡು ಮಾನಿಟರುಗಳು, ಉದ್ದುದ್ದ, ದಪ್ಪ ಅಂಚಿನವು, ಮಂಕು ಬೂದು. ನಮ್ಮಂಗಡಿಯಲ್ಲಿ ಇದನ್ನಿಟ್ಟರೆ ನಾಯಿಯೂ ಮೂಸಲ್ಲ ಎಂದು ಪಾಲಿಶ್ ಅಂಥ ಹೊತ್ತಿನಲ್ಲೂ ಅಂದುಕೊಂಡ. ಹದಿನೆಂಟು ವರ್ಷದ ಅಭ್ಯಾಸ.

ಆಗ ಅಕ್ಕನ ಚಿತ್ರ ಬಂತು. ಬೂದು ಬಣ್ಣದ ನಡುವೆ ಒಂದು ಕಡೆ, ಬೆರಳ ತುದಿಯಷ್ಟು ಜಾಗದಲ್ಲಿ, ಬಿಳಿಯ ಕಾಳುಗಳು ಗುಂಪುಗೂಡಿ ಕೂತಿದ್ದವು. ಉಪ್ಪಿನ ಹರಳಿನಷ್ಟು ಚೂಪು. ಅವನು ಎಣಿಸಿದ. ಒಂಬತ್ತು.

"ಕ್ಯಾನ್ಸರ್ ಶುರುವಿನ ಗುರುತು. ಇವು ಆಗ್ಲೇ ಇದ್ವು" ಎಂದರು ಡಾಕ್ಟರು. "ಇದನ್ನ ನೋಡಿ ಬರೆದೋರು ನಿದ್ದೆ ಮಾಡ್ತಿದ್ರಾ?"

ಪಾಲಿಶ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಳುಗಳನ್ನು ಕಸವೆಂದು ಅಳಿಸುವ ಆ ಆಯ್ಕೆ, ತನ್ನ ಹೆಬ್ಬೆರಳು, ಕೊನೆಯ ಗೆರೆ, ಎಲ್ಲ ಒಮ್ಮೆಲೇ ಕಣ್ಣೆದುರು ನಿಂತವು.

"ಆ ಡಾಕ್ಟ್ರಮ್ಮನ ಕಣ್ಣಲ್ಲೇನು ಮಣ್ಣು ಬಿದ್ದಿತ್ತಾ!" ಎಂದಳು ಅಕ್ಕ. ಆಮೇಲೆ ದನಿ ಇಳಿಸಿ ಕೇಳಿದಳು. "ಅವತ್ತೇ ಸಿಕ್ಕಿದ್ರೆ?"

"ಸಣ್ಣ ಆಪರೇಷನ್. ಮುಗಿಸ್ಕೊಂಡು ನಿಮ್ಮ ಪಾಡಿಗೆ ನೀವು ಕೆಲಸಕ್ಕೆ ಹೋಗ್ತಿದ್ರಿ."

"ಈಗ?"

"ಈಗ ಮೂಳೆಗೂ ಹೋಗಿದೆ, ಅಮ್ಮ. ಎಷ್ಟು ದಿನ ಹಿಡಿದು ನಿಲ್ಲಿಸ್ಬಹುದೋ ನೋಡೋಣ."

ಮನೆಗೆ ಬರುವಾಗ ಬಸ್ಸಿನಲ್ಲಿ ಪಾಲಿಶ್‌ನ ಕಣ್ಣಿಂದ ನೀರು ಸುರಿಯುತ್ತಿದ್ದರೆ ಅಕ್ಕನೇ ಸೆರಗಿನಿಂದ ಒರೆಸಿದಳು. "ಅಳ್ಬೇಡ ಪುಟ್ಟ. ನೀನೇನು ಮಾಡೋಕಾಗತ್ತೆ?" ಆ ಮಾತು ಕೇಳಿ ಅವನಿಗೆ ಬಸ್ಸಿನಿಂದ ಹಾರಿಬಿಡೋಣ ಅನ್ನಿಸಿತು.

ಮರುದಿನ ಅಂಗಡಿಗೆ ಹೋಗದೆ ಸೀದಾ ಸ್ಕ್ಯಾನ್ ಸೆಂಟರಿಗೆ ಹೋದ. ಡಾಕ್ಟ್ರಮ್ಮ ಆ ಬೆಳಗಿನ ಯಾರದೋ ಚಿತ್ರ ನೋಡುತ್ತಿದ್ದಳು. ಏನೂ ಹೇಳದೆ ರಿಮೋಟ್ ಎತ್ತಿ ಬೀಗದ ನಾಲ್ಕು ಅಂಕಿ ಒತ್ತಿದ. ಅದು ಅಕ್ಕ ಹುಟ್ಟಿದ ವರ್ಷ. ಬೇರೆ ಯಾವ ಅಂಕಿಯೂ ಅವನಿಗೆ ನೆನಪಿರುತ್ತಿರಲಿಲ್ಲ. ಆಯ್ಕೆಯನ್ನು ಸೊನ್ನೆಗೆ ಇಳಿಸಿದ.

ನುಣ್ಣಗಿದ್ದ ಚಿತ್ರದ ಮೇಲೆ ಕಾಳುಗಳು ಉಕ್ಕಿ ಬಂದವು. ಡಾಕ್ಟ್ರಮ್ಮ ಎದ್ದು ನಿಂತಳು.

"ಏನು ಮಾಡಿದ್ರಿ ಇದು?"

"ಈಗ ಮಾಡಿದ್ದಲ್ಲ ಡಾಕ್ಟ್ರೇ. ಹಾಕಿದ ದಿನಾನೇ ಮಾಡಿದ್ದು. ತೊಳೆದಿದ್ದೆ."

ದೊಡ್ಡಾಸ್ಪತ್ರೆಯಲ್ಲಿ ಅಕ್ಕನ ಬಗ್ಗೆ ಹೇಳಿದ್ದನ್ನೂ ಹೇಳಿದ. ಆಕೆ ಅಕ್ಕನ ಚಿತ್ರ ಹುಡುಕಿ ತೆರೆದಳು. ಮಸುಕು ಮಸುಕಾಗಿ ಒಂಬತ್ತೂ ಅಲ್ಲಿದ್ದವು. "ನಂಗೆ ಗೊತ್ತಾಗ್ಬೇಕಿತ್ತು" ಎಂದಳು. "ಅಷ್ಟು ಕ್ಲೀನಾಗಿದ್ದಾಗ್ಲೇ ಅನುಮಾನ ಬರ್ಬೇಕಿತ್ತು." ಆ ಮಾತಿಗೆ ಅವನಿಗೆ ಆಕೆಯ ಮೇಲೆ ಮರುಕ ಹುಟ್ಟಿತು. ಆದರೆ ಮರುಗಳಿಗೆಯಲ್ಲೇ ಆಕೆ ಬಾಗಿಲು ಮುಚ್ಚಿ ಬಂದಳು. "ಇವತ್ತೇ ಸರಿಯಾದ ಮಾನಿಟರ್‌ಗೆ ಹೇಳ್ತೀನಿ. ಬಂದ ತಕ್ಷಣ ಹಳೇದೆಲ್ಲ ಮತ್ತೆ ನೋಡ್ತೀನಿ, ಒಂದೂ ಬಿಡದೆ. ಅಲ್ಲಿತನಕ ನೀವು ಬಾಯಿ ಬಿಡ್ಬೇಡಿ. ಸುದ್ದಿ ಹಬ್ಬಿದ್ರೆ ಈ ಬಾಗಿಲು ಮುಚ್ಚತ್ತೆ, ಆಮೇಲೆ ನೋಡೋರೂ ಇರಲ್ಲ. ನಿಮ್ಮ ಅಂಗಡೀನೂ ಉಳಿಯಲ್ಲ."

ಸರಿಯಾದ ಮಾನಿಟರ್ ಬರಲು ಎರಡು ತಿಂಗಳು. ಹೇಡಿಗೆ ಅಷ್ಟು ನೆಪ ಧಾರಾಳ. ಡಾಕ್ಟ್ರಮ್ಮ ನೋಡಿಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡು ಅವನು ಅಂಗಡಿಗೆ ಹೋಗಿ ಎಂದಿನಂತೆ ಟೀವಿ ಮಾರಿದ. ಮನೆಗಳಿಗೆ ಹೋಗುವುದನ್ನು ಮಾತ್ರ ನಿಲ್ಲಿಸಿದ. ಗಿರಾಕಿಗಳು ಮುಖ ಊದಿಸಿಕೊಂಡರು.

ಇಪ್ಪತ್ತು ದಿನ ಹೀಗೇ ಕಳೆಯಿತು. ಔಷಧಿ ಏರಿಸಿದ ದಿನಗಳಲ್ಲಿ ಅಕ್ಕ ಗೋಡೆಗೆ ಒರಗಿ ಕೂತು, ದನಿ ಕಡಿಮೆ ಮಾಡಿ ಟೀವಿ ನೋಡುತ್ತಿದ್ದಳು. ಕೂದಲು ಉದುರತೊಡಗಿತ್ತು. ಒಂದು ಮಧ್ಯಾಹ್ನ ಅವನು ಹಣ್ಣಿನ ರಸ ಹಿಡಿದು ಪಕ್ಕದಲ್ಲಿ ಕೂತಾಗ ಅವಳು ಲೋಟ ಮುಟ್ಟಲಿಲ್ಲ.

"ಪುಟ್ಟ, ನಾನೊಂದು ತಪ್ಪು ಮಾಡ್ಬಿಟ್ಟಿದ್ದೀನಿ ಕಣೋ."

"ನೀನೇನು ತಪ್ಪು ಮಾಡ್ತೀಯ?"

"ನಂದು ಬಂತಲ್ಲ ಕಾಗದ, ಏನೂ ಇಲ್ಲ ಅಂತ. ಅದನ್ನ ತೋರಿಸಿ ತೋರಿಸಿ ಕಾರ್ಖಾನೆ ಹೆಂಗಸರನ್ನೆಲ್ಲ ಅಲ್ಲಿಗೆ ಕಳಿಸಿದೆ. ಕಾಲರ್ ಹೊಲಿಯೋಳು, ಗುಂಡಿ ಹಾಕೋಳು, ಅವಳ ಜೊತೆ ಅವಳ ತಂಗಿ, ಇಸ್ತ್ರಿಯೋಳು. ಅವಳೀಗ ಬೆನ್ನುನೋವು ಅಂತ ರಜ ಹಾಕಿದ್ದಾಳಂತೆ. ಒಟ್ಟು ಹನ್ನೊಂದು ಜನ. ಎಲ್ರಿಗೂ ಏನೂ ಇಲ್ಲ ಅಂತ್ಲೇ ಬರೆದಿದ್ದಾಳೆ ಆ ಕಣ್ಣು ಕಾಣ್ದೋಳು." ಅಕ್ಕ ಅವನ ಕಡೆ ತಿರುಗಿದಳು. "ಬೇರೆ ಕಡೆ ತೋರಿಸ್ಕೊಳ್ಳಿ ಅಂತ ಹೇಳ್ಲಾ? ಸುಮ್ನೆ ಹೆದರಿಸಿದ ಹಾಗಾಗತ್ತೇನೋ. ಪರದೆ ಹೇಗಿದ್ರೂ ನೀನು ಹಾಕಿದ್ದು. ನಂದೊಬ್ಬಳದ್ದೇ ಅವಳು ತಪ್ಪು ನೋಡಿರ್ಬೇಕು, ಅಲ್ವಾ?"

ಹೂಂ ಎಂದರೆ ಸಾಕಿತ್ತು. ತಲೆಯಾಡಿಸಿದರೂ ಸಾಕಿತ್ತು. ಅಕ್ಕ ನೆಮ್ಮದಿಯಾಗಿ ರಸ ಕುಡಿಯುತ್ತಿದ್ದಳು, ಅವನಿಗೆ ಉಳಿದ ನಲವತ್ತು ದಿನ ಸಿಗುತ್ತಿತ್ತು. ಲೋಟ ಕೆಳಗಿಟ್ಟು ರಿಮೋಟ್ ಎತ್ತಿಕೊಂಡ.

ಟೀವಿಯಲ್ಲಿ ಯಾರೋ ಹೆಂಗಸು ಸುದ್ದಿ ಓದುತ್ತಿದ್ದಳು, ಮೊಟ್ಟೆಯಂಥ ನುಣುಪು ಮುಖ. ಅವನು ಒಳಗಿನ ಒಳಗೆ ಹೋದ, ಅಕ್ಕ ಹುಟ್ಟಿದ ವರ್ಷ ಒತ್ತಿದ, ಸೊನ್ನೆಗೆ ಇಳಿಸಿದ. ಆ ಹೆಂಗಸಿನ ಕೆನ್ನೆಯ ಮೇಲೆ ಸಣ್ಣ ಸಣ್ಣ ಮಚ್ಚೆಗಳು, ತುಟಿಯ ಸುತ್ತ ನೆರಿಗೆಗಳು ಎದ್ದು ನಿಂತವು.

"ಇವು ಮೊದ್ಲಿಂದ್ಲೂ ಇದ್ವು ಅಕ್ಕ. ನಾನು ಅಳಿಸಿಟ್ಟಿದ್ದೆ. ಅಲ್ಲೂ ಇದನ್ನೇ ಮಾಡಿದ್ದೆ. ಅವಳ ಕಣ್ಣಿಗೆ ಬೀಳದ ಹಾಗೆ ಮಾಡಿದೋನು ನಾನು."

ಅಕ್ಕ ಪರದೆಯನ್ನೇ ನೋಡುತ್ತ ಕೂತಳು. ಸುದ್ದಿ ಮುಗಿದು ಜಾಹೀರಾತು ಬಂದರೂ ನೋಡುತ್ತಲೇ ಇದ್ದಳು. ಅವನು ಅವಳ ಕಾಲು ಹಿಡಿದುಕೊಂಡ. "ಬೈದ್ಬಿಡು ಅಕ್ಕ. ಹೊಡಿ ಬೇಕಾದ್ರೆ."

"ಯಾವತ್ತು ಗೊತ್ತಾಯ್ತು ನಿಂಗೆ?"

"ದೊಡ್ಡಾಸ್ಪತ್ರೇಲಿ. ಆ ಚಿತ್ರ ನೋಡಿದಾಗ್ಲೇ."

"ಇಪ್ಪತ್ತು ದಿನ ಆಯ್ತು."

ಅವನು ಹಿಡಿದ ಕಾಲು ಬಿಡಲಿಲ್ಲ.

"ನಂದು ಬಿಡು" ಎಂದಳು ಅಕ್ಕ. "ಆವಾಗ ನಿಂಗೆ ಗೊತ್ತಿರ್ಲಿಲ್ಲ. ಚೆನ್ನಾಗಿ ಕಾಣ್ಲಿ ಅಂತ ಮಾಡಿದೆ. ಅದನ್ನ ಹೊಟ್ಟೆಗೆ ಹಾಕ್ಕೋತೀನಿ. ಗೊತ್ತಾದ ಮೇಲೆ ಇಪ್ಪತ್ತು ದಿನ ಬಾಯಿ ಮುಚ್ಕೊಂಡು ಅವರನ್ನ ಹಾಗೇ ಹೊಲಿಯೋಕೆ ಕೂರಿಸಿದ್ದೀಯಲ್ಲೋ. ಇದನ್ನ ಯಾವ ಹೊಟ್ಟೆಗೆ ಹಾಕ್ಕೊಳ್ಲಿ?"

ಅವಳು ಕಾಲು ಎಳೆದುಕೊಂಡಳು. ಮೂವತ್ತೆರಡು ವರ್ಷದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

"ಫೋನ್ ಕೊಡು. ಕನ್ನಡಕಾನೂ ಕೊಡು."

ಮೊದಲು ಇಸ್ತ್ರಿಯವಳಿಗೆ ಮಾಡಿದಳು. ಅವಳ ಗಂಡ ಎತ್ತಿದ. ಎಲ್ಲ ಕೆಲಸ ಬಿಟ್ಟು ನಾಳೆ ಬೆಳಿಗ್ಗೆಯೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದು ಎರಡೆರಡು ಸಲ ಹೇಳಿಸಿ ಒಪ್ಪಿಸಿದಳು. ಆಮೇಲೆ ಕಾಲರ್ ಹೊಲಿಯುವವಳು. ಆಮೇಲೆ ಗುಂಡಿ ಹಾಕುವವಳು. ಒಬ್ಬೊಬ್ಬರಿಗೂ ಅದೇ ಮಾತು, ಆ ಕಾಗದ ನಂಬಬೇಡ, ಪರದೆ ಸರಿಯಿರಲಿಲ್ಲ. ನಡುನಡುವೆ ಉಸಿರು ಹಿಡಿದು ಸುಧಾರಿಸಿಕೊಳ್ಳುತ್ತಿದ್ದಳು. ಅವನು ನೀರು ತಂದು ಪಕ್ಕದಲ್ಲಿಟ್ಟ, ಅವಳು ನೋಡಲಿಲ್ಲ.

ಗುಂಡಿ ಹಾಕುವವಳ ತಂಗಿ ಕಾರ್ಖಾನೆಯವಳಲ್ಲ, ಅಕ್ಕನ ಮುಖ ಕಂಡವಳೂ ಅಲ್ಲ. ಅಕ್ಕನ ಮಾತು ಕೇಳಿ ಫೋನಿನಲ್ಲೇ ಅಳಲು ಶುರುಮಾಡಿದಳು, ಆಮೇಲೆ ಕೂಗಿದಳು. ಆ ಕೂಗು ಬಾಗಿಲ ಬಳಿ ನಿಂತಿದ್ದ ಅವನಿಗೂ ಕೇಳಿಸಿತು.

"ಯಾರ್ರೀ ಆ ಪರದೆ ಹಾಕಿದೋನು? ಯಾರವ್ನು?"

ಅಕ್ಕ ತಲೆ ಎತ್ತಿದಳು. ಆ ಮಧ್ಯಾಹ್ನದಲ್ಲಿ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಯಾರು ಅಂತೀಯಲ್ಲೇ" ಎಂದಳು. "ನನ್ನ ತಮ್ಮ."

ಆಮೇಲೆ ಕನ್ನಡಕ ಸರಿಮಾಡಿಕೊಂಡು ಮುಂದಿನವಳ ನಂಬರು ಹುಡುಕತೊಡಗಿದಳು.