ಕರಕರೆಯಿಲ್ಲದ ಸಂಜೆಗಳು

ಆಕಾಶ ಆಲಿಸುವ ಆ ಕೇಂದ್ರದಲ್ಲಿ ತಂಗಿಯ ಕೆಲಸ ಕಳ್ಳರನ್ನು ಹಿಡಿಯುವುದು. ಮೊದಲ ನಕ್ಷತ್ರಗಳು ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಜಲಜನಕ ಹೊರಡಿಸಿದ ರೇಡಿಯೊ ಅಲೆ ಇಲ್ಲಿಗೆ ಮುಟ್ಟುವಷ್ಟರಲ್ಲಿ ಇದ್ದೂ ಇಲ್ಲದಷ್ಟು ಕ್ಷೀಣ. ಬಯಲಿನ ಆಂಟೆನಾಗೆ ಅದು ಕೇಳಬೇಕಾದರೆ ಸುತ್ತಮುತ್ತ ಒಂದು ಮೊಬೈಲು, ಒಂದು ಮೋಟಾರು ಕೂಡ ಕರಕರೆ ಎಬ್ಬಿಸಬಾರದು. ಎಬ್ಬಿಸಿದ್ದನ್ನು ಪತ್ತೆಹಚ್ಚಿ ಬಾಯಿ ಮುಚ್ಚಿಸುವವಳು ಅವಳು.

ಆದರೆ ಇಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ತಿಂಗಳುಗಟ್ಟಲೆ ಎಲ್ಲರ ತಲೆ ತಿಂದ ಕರಕರೆ ಬರುತ್ತಿದ್ದುದು ಗುಡ್ಡದಾಚೆಯ ಅವಳದೇ ಕ್ವಾರ್ಟರ್ಸಿನಿಂದ, ಅಕ್ಕನ ಮಂಚದ ಪಕ್ಕದ ಆಕ್ಸಿಜನ್ ಯಂತ್ರದಿಂದ. ಹೇಳಿದರೆ ಅಕ್ಕನನ್ನು ದೂರದ ಆಸ್ಪತ್ರೆಗೆ ಸಾಗಿಸಬೇಕು. ತಾಯಿಯಿಲ್ಲದ ಅವಳನ್ನು ಸಾಕಿ ಬೆಳೆಸಿದ ಅಕ್ಕ ಬೇಡಿದ್ದು ಒಂದೇ: "ಕೊನೇವರೆಗೂ ನಿನ್ನ ಹತ್ರಾನೇ ಇರ್ತೀನಿ ಕಣೇ." ತಂಗಿ ತುಟಿ ಹೊಲಿದುಕೊಂಡಳು. ಅಲೆ ಹೊರಬೀಳದಿರಲೆಂದು ಯಂತ್ರಕ್ಕೆ ತಾಮ್ರದ ಜಾಲರಿ ಸುತ್ತಿ ನೋಡಿದಳು. ಕರಕರೆ ಅಷ್ಟಕ್ಕೆಲ್ಲ ಬಗ್ಗಲಿಲ್ಲ.

"ನಾನು ಉಸಿರಾಡಿದ್ರೆ ನಿನ್ನ ಆಕಾಶಕ್ಕೆ ಕೆಮ್ಮು ಬರುತ್ತೇನೇ?" ಎಂದು ಅಕ್ಕ ನಕ್ಕಳು.

"ಬರುತ್ತೆ! ಮೇಷ್ಟ್ರು ದಿನಾ ಮುಖ ಗಂಟು ಹಾಕ್ಕೊಂಡು ಕೂತಿರ್ತಾರೆ. ಈ ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ." ಕೇಂದ್ರದ ಮುಖ್ಯಸ್ಥರನ್ನು ಎಲ್ಲರೂ ಕರೆಯುತ್ತಿದ್ದುದೇ ಮೇಷ್ಟ್ರು ಎಂದು. ತಂಗಿ ಅಂದದ್ದು ತಮಾಷೆಗೆ. ಎಲುಬಿಲ್ಲದ ನಾಲಿಗೆ, ಅಂದುಬಿಟ್ಟಿತು. ಆ ರಾತ್ರಿಯೇ ಜಾಲರಿಗೆ ಇನ್ನೊಂದು ಸುತ್ತು ಬಿಗಿದಳು.

ಎರಡು ದಿನ ಕಳೆದು ಮೇಷ್ಟ್ರು ನಗುತ್ತ ಬಂದರು. "ನಿನ್ನೆ ಸಂಜೆ ಒಂದು ಗಂಟೆ ಹೊತ್ತು ನಿಮ್ಮ ಕಳ್ಳ ಬರಲೇ ಇಲ್ಲ ಕಣಮ್ಮ!"

ತಂಗಿ ಹಿಗ್ಗಿ ಹೀರೇಕಾಯಿಯಾದಳು. ಜಾಲರಿ ಗೆದ್ದಿತು! ಅವಳ ಪಾಳಿಯ ಸಂಜೆಗಳು ವಾರದಿಂದ ವಾರಕ್ಕೆ ತಿಳಿಯಾದವು. ಅವಳು ಮನೆಯಲ್ಲಿದ್ದ ಹೊತ್ತು ಮಾತ್ರ ಕರಕರೆ ಇದ್ದೇ ಇತ್ತು; ಯಾಕೆಂದು ಕೇಳುವ ಮನಸ್ಸು ಅವಳಿಗಿರಲಿಲ್ಲ. ಅಕ್ಕನ ತುಟಿ ನೀಲಿಗಟ್ಟಿದ್ದನ್ನೂ ಕಂಡಳು. ಕಾಯಿಲೆ ಏರುತ್ತಿದೆ ಎಂದುಕೊಂಡು ಅತ್ತಳು.

"ಜಾಲರಿ ಕೆಲಸ ಮಾಡ್ತಿದೆ ಅಕ್ಕಾ!"

"ನನ್ನ ತಂಗಿ ಅಂದ್ರೆ ಸುಮ್ನೇನಾ," ಎಂದಳು ಅಕ್ಕ, ಏದುಸಿರಿನ ನಡುವೆ.

ಒಂದು ಸಂಜೆ ಪಾಳಿಯುದ್ದಕ್ಕೂ ಕರಕರೆಯೇ ಇರಲಿಲ್ಲ. ಮೇಷ್ಟ್ರು ಎಲ್ಲರಿಗೂ ಚಹಾ ಕುಡಿಸಿದರು. ತಂಗಿ ಮನೆಗೆ ಬಂದಾಗ ಯಂತ್ರಕ್ಕೆ ಏನೂ ಆಗಿರಲಿಲ್ಲ, ಸ್ವಿಚ್ಚು ಆರಿಸಿತ್ತು. ಅಕ್ಕನ ಕೈ ಅದರ ಕಡೆಗೆ ಚಾಚಿ, ತಣ್ಣಗಾಗಿತ್ತು. ಈ ಸಲ ಮತ್ತೆ ಹಾಕಲು ಆಗಿರಲಿಲ್ಲ.

ತಿಂಗಳಾದ ಮೇಲೆ ಮೇಷ್ಟ್ರು ಮೆಲ್ಲಗೆ ಕೇಳಿದರು: "ಕರಕರೆಯಿಲ್ಲದ ಆ ಸಂಜೆಗಳ ದಾಖಲೆಗಳನ್ನಷ್ಟೇ ಕೂಡಿಸೋಣ್ವೇನಮ್ಮಾ? ಅಷ್ಟು ಶುದ್ಧವಾದದ್ದು ಬೇರೆ ಸಿಗಲ್ಲ. ನಿಮ್ಮ ಕೈಗುಣ ಅದು."

ಆಗ ಅವಳು ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಅವನ್ನ ಬಿಟ್ಬಿಡೋಣ."

"ಬೇಡ ಸರ್," ಎಂದಳು ಅಳುತ್ತಲೇ. "ಒಂದು ನಿಮಿಷಾನೂ ಬಿಡ್ಬೇಡಿ. ಉಸಿರು ಕಟ್ಟಿ ಕೊಟ್ಟಿದ್ದಾಳೆ ನಮ್ಮಕ್ಕ."