ಹದಿನಾಲ್ಕನೆಯ ಕಂಬ

ಉತ್ತರದ ಗೋಲಿನ ಪಕ್ಕದಲ್ಲಿ ಒಬ್ಬ ಹುಡುಗಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಗೆರೆಗುಂಟ ನಡೆಯುತ್ತಿರುವುದು ಕಂಡಾಗ ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಮಾವನ ಕೈಯಲ್ಲಿದ್ದ ಜರಡಿ ನಿಂತಿತು. ಅವಳು ಎಣಿಸುತ್ತಿದ್ದಳು. ತುಟಿ ಅಲ್ಲಾಡುವುದು ಅಷ್ಟು ದೂರಕ್ಕೂ ಗೊತ್ತಾಗುತ್ತಿತ್ತು. ಅವನು ಕಂಡ ಮೂವತ್ತೊಂದು ವರ್ಷದಲ್ಲಿ ಈ ಮೈದಾನದಲ್ಲಿ ಓಡಿದವರಿದ್ದರು, ಬಿದ್ದವರಿದ್ದರು, ಗೆದ್ದು ಅತ್ತವರಿದ್ದರು. ಎಣಿಸಿದವರು ಒಬ್ಬರೂ ಇರಲಿಲ್ಲ.

ಅವಳು ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗದಿಂದ ಬಂದವಳು. ಪುಟ್ಟ ಫುಟ್‌ಬಾಲ್ ಸ್ಟೇಡಿಯಂಗೆ ಐವತ್ತು ತುಂಬುತ್ತಿದೆ, ಅದರ ಚರಿತ್ರೆ ಬರೆದುಕೊಡು ಎಂದು ಮೇಲಿನವರು ಹೇಳಿದ್ದರು. ಹದಿನೈದು ದಿನದಿಂದ ಹಳೆಯ ಕಾಗದಗಳ ಕಟ್ಟು ಎದೆಗವಚಿಕೊಂಡು ಬರುತ್ತಿದ್ದಳು. ಒಂದು ಪ್ರಶ್ನೆ ಕೇಳಿದರೆ ಕೇಳಿದ್ದಕ್ಕೆ ತಾನೇ ನಾಚಿ ಎರಡನೆಯದನ್ನು ನುಂಗಿಕೊಳ್ಳುವ ಸ್ವಭಾವ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹುಡುಗಿಯರು ಅವಳಿಗೆ ‘ಕಡತ’ ಎಂದು ಹೆಸರಿಟ್ಟು, ಅದನ್ನು ಅವಳೆದುರೇ ಕರೆಯುವಷ್ಟು ಸಲಿಗೆಯನ್ನೂ ಬೆಳೆಸಿಕೊಂಡಿದ್ದರು.

ಅವಳಿಗೆ ಅರ್ಧ ಚರಿತ್ರೆ ಹೇಳಿದವನು ಮಾವನೇ. ಇದು ಮೊದಲು ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಬಿಟ್ಟುಹೋದ ಗುಂಡಿ. ಅದನ್ನು ತುಂಬಿಸಿ, ಪಡುವಣದ ಬದಿಗೆ ಒಂಬತ್ತು ಮೆಟ್ಟಿಲಿನ ಗ್ಯಾಲರಿ ಕಟ್ಟಿದವರು ವಿದ್ಯಾರ್ಥಿಗಳು. ಒಂದೇ ಬೇಸಿಗೆ ರಜೆ. ಕಾನೂನು ಓದುವವರು ಗಾರೆ ಕಲಸಿದರು, ರಸಾಯನಶಾಸ್ತ್ರದವರು ನೀರು ಹೊತ್ತರು, ತತ್ವಶಾಸ್ತ್ರದವರು ನೆರಳಲ್ಲಿ ಕೂತು ಸಲಹೆ ಕೊಟ್ಟರು. ಒಂದೊಂದು ಇಟ್ಟಿಗೆಯ ಮೇಲೂ ಇಟ್ಟವನ ಹೆಸರಿನ ಮೊದಲ ಅಕ್ಷರ ಮೊಳೆಯಿಂದ ಗೀಚಿದೆ. ಈಗಲೂ ತಲೆ ನರೆತ ಯಾರೋ ಮೊಮ್ಮಕ್ಕಳ ಕೈ ಹಿಡಿದು ಬಂದು, ನಾಲ್ಕನೆಯ ಮೆಟ್ಟಿಲಲ್ಲಿ ಬಗ್ಗಿ ತಮ್ಮ ಅಕ್ಷರ ಹುಡುಕುವುದುಂಟು.

ಇಂಥ ಮೈದಾನಕ್ಕೆ ಈ ಸಲ ಅಂತರ ವಿಶ್ವವಿದ್ಯಾಲಯ ಮಹಿಳೆಯರ ಫೈನಲ್ ಒಲಿದಿತ್ತು. ಆಡುವವರಲ್ಲಿ ಒಂದು ತಂಡ ಇಲ್ಲಿನದೇ. ಇಡೀ ಆವರಣಕ್ಕೆ ಜ್ವರ ಹಿಡಿದಂತಾಗಿತ್ತು. ಗೇಟಿಗೆ ಬಣ್ಣ ಬಳಿದು ‘ಮುಟ್ಟಬೇಡಿ’ ಎಂದು ಬರೆದಿದ್ದರು. ಮುಟ್ಟಿದವರ ಅಂಗೈ ಗುರುತು ಆ ಬರಹದ ಮೇಲೇ ಇತ್ತು. ಗ್ರಂಥಾಲಯದ ಹಿರಿಯ ಸಹಾಯಕಿ ಕೂಡ ಆಫ್‌ಸೈಡ್ ಅಂದರೇನು ಎಂದು ಯಾರನ್ನೋ ಹಿಡಿದು ನಿಲ್ಲಿಸಿ ಕೇಳಿದ್ದರಂತೆ. ಬಾಕಿ ಉಳಿದದ್ದು ಒಂದೇ: ನಾಳೆ ಬೆಳಿಗ್ಗೆ ಹತ್ತಕ್ಕೆ ಫೆಡರೇಶನ್ನಿನವರು ಬಂದು ಮೈದಾನ ಅಳೆಯುತ್ತಾರೆ. ಅಳತೆ ತಪ್ಪಿದರೆ ಪಂದ್ಯ ಎದುರಾಳಿಗಳ ಊರಿಗೆ.

ಹುಡುಗಿ ಮಾವನ ಹತ್ತಿರ ಬಂದು ನಿಂತಳು. ಹಳೆಯ ವಿದ್ಯಾರ್ಥಿ ಸಂಘದ ನಡಾವಳಿ ಪುಸ್ತಕವನ್ನು ಸುಣ್ಣದ ಗಾಡಿಯ ಮೇಲೆ ಮೆಲ್ಲನೆ ಬಿಚ್ಚಿಟ್ಟಳು.

“ಮಾವ, ಇದೊಂದು ಸಾಲು ನೋಡ್ತೀರಾ.”

ಎರಡು ಬೇರೆ ಬೇರೆ ಕೈಬರಹ. ಅಳತೆ ಪಟ್ಟಿ ಸಿಗದೆ, ಎಂಟಡಿ ಎತ್ತರದ ಗೋಲ್ ಕಂಬವನ್ನೇ ನೆಲದ ಮೇಲೆ ಮಗುಚಿ ಮಗುಚಿ ಅಳೆದಿದ್ದರು. ಮೈದಾನದ ನಡುವಿನಿಂದ ಗ್ಯಾಲರಿಯ ಬುಡಕ್ಕೆ ದಕ್ಷಿಣದ ತುದಿಯಲ್ಲಿ ಹದಿನಾಲ್ಕು ಕಂಬ. ಮಧ್ಯಾಹ್ನ ಊಟದ ಗಂಟೆ ಹೊಡೆದು ಎಣಿಸುವವನು ಬದಲಾದ. ಉತ್ತರದ ತುದಿಯಲ್ಲಿ ಹದಿಮೂರು ಕಂಬ. ಕೆಳಗೆ ಕಾರ್ಯದರ್ಶಿಯ ಸಹಿ, ‘ಎಲ್ಲ ಸರಿಯಿದೆ’ ಎಂಬ ಷರಾ.

ಮಾವ ಪುಸ್ತಕ ಮುಚ್ಚಲಿಲ್ಲ, ಓದಲೂ ಇಲ್ಲ. “ನಿನ್ನ ಲೆಕ್ಕಕ್ಕೆ ಎಷ್ಟು ಬಂತು?”

“ದಕ್ಷಿಣಕ್ಕಿಂತ ಉತ್ತರದಲ್ಲಿ ಮೈದಾನ ಎಂಟಡಿ ಕಿರಿದು. ಅಷ್ಟೇ ಇರಬೇಕು ಅನ್ಸುತ್ತೆ. ನನ್ನ ಕಾಲು ಚಿಕ್ಕದು.”

“ನಿನ್ನ ಕಾಲು ಸರಿಯಾಗೇ ಇದೆ,” ಎಂದ ಮಾವ.

ಮೂವತ್ತೊಂದು ವರ್ಷದ ಹಿಂದೆ ಸುಣ್ಣದ ಗಾಡಿಯನ್ನು ಅವನ ಕೈಗೆ ಒಪ್ಪಿಸಿದವರು ಹೆಂಡತಿಯ ದೊಡ್ಡಪ್ಪ. ಅವತ್ತೇ ಗುಟ್ಟನ್ನೂ ಒಪ್ಪಿಸಿದ್ದರು. ಗ್ಯಾಲರಿಯ ಉತ್ತರದ ತುದಿ ಗೆರೆಯನ್ನೇ ತುಳಿದು ನಿಂತಿದೆ. ಹುಡುಗರು ಬೆವರು ಸುರಿಸಿ ಕಟ್ಟಿದ್ದನ್ನು ಒಡೆ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಹಾಗಾಗಿ ಗೆರೆಯನ್ನೇ ಒಳಗೆ ಎಳೆಯಬೇಕು. ಒಮ್ಮೆಲೇ ಅಲ್ಲ. ದಕ್ಷಿಣದ ಮೂಲೆಯಿಂದ ಹೊರಟು, ಹತ್ತು ಹೆಜ್ಜೆಗೆ ಒಂದು ಅಂಗೈಯಷ್ಟು ಸರಿಯುತ್ತ, ಉಸಿರು ಬಿಗಿಹಿಡಿದು. ಗ್ಯಾಲರಿಯಲ್ಲಿ ಕೂತವರ ಕಣ್ಣಿಗೆ ಅದು ದಾರ ಹಿಡಿದಷ್ಟು ನೆಟ್ಟಗೆ ಕಾಣಬೇಕು. ನೇರ ಗೆರೆ ಯಾರು ಬೇಕಾದರೂ ಎಳೀತಾರೆ ಕಣೋ, ಎಂದಿದ್ದರು ದೊಡ್ಡಪ್ಪ, ಸೊಟ್ಟ ಗೆರೆಯನ್ನ ನೇರ ಎಳೆಯೋದು ವಿದ್ಯೆ. ಆ ವಿದ್ಯೆಯಲ್ಲಿ ಮಾವ ಅವರನ್ನೂ ಮೀರಿಸಿದ್ದ. ಹೊರಗಿನಿಂದ ಬಂದ ರೆಫರಿಗಳು ಅವನ ಗೆರೆಯನ್ನು ಹೊಗಳಿ ಹೋಗುವಾಗ ಹೆಮ್ಮೆಯೂ ಕಳ್ಳತನವೂ ಒಟ್ಟಿಗೆ ಮೈ ಬಿಸಿ ಮಾಡುತ್ತಿದ್ದವು.

“ಹಾಗಾದ್ರೆ,” ಹುಡುಗಿ ಏನೋ ಹೊಳೆದಂತೆ ಗ್ಯಾಲರಿಯ ಕೊನೆಯತ್ತ ತಿರುಗಿದಳು, “ಅದೃಷ್ಟದ ಮೂಲೆ?”

ಆ ವಾಯವ್ಯದ ಮೂಲೆಯಿಂದ ಹೊಡೆದ ಕಾರ್ನರ್ ಕಿಕ್ ಗೋಲಾಗುತ್ತದೆ ಎಂಬುದು ಇಲ್ಲಿ ಮೂರು ತಲೆಮಾರಿನ ನಂಬಿಕೆ. ಕಿಕ್ ಹೊಡೆಯುವ ಮುನ್ನ ಬಾವುಟ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರು.

“ಎಂಟಡಿ ಹತ್ತಿರದಿಂದ ಹೊಡೆದ್ರೆ ಅದೃಷ್ಟ ಬರದೆ ಇರುತ್ತಾ,” ಎಂದ ಮಾವ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಬೆರಳುಗಳ ಸಂದಿಯಿಂದ ಸೋರಿತು. ಅವಳು ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು. ಅವನಿಗೂ ತಡೆಯಲಾಗಲಿಲ್ಲ. ಸುಣ್ಣದ ಗಾಡಿ ಹಿಡಿದುಕೊಂಡು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ಇಳಿದ ಮೇಲೆ ಅವಳು, ನೀವು ಬೇಡ ಅಂದರೆ ಇದನ್ನು ಬರೆಯುವುದಿಲ್ಲ ಎಂದಳು. ಮಾವ ಕ್ರೀಡಾ ನಿರ್ದೇಶಕರ ಕೋಣೆಯ ಕಡೆ ನಡೆದ. ಅವಳು ಪುಸ್ತಕ ಎತ್ತಿಕೊಂಡು ಹಿಂದೆಯೇ ಹೋದಳು.

ವಿಷಯ ಕೇಳಿ ನಿರ್ದೇಶಕರು ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದರು. ಆಮೇಲೆ ಕಿಟಕಿ ಮುಚ್ಚಿ ದನಿ ತಗ್ಗಿಸಿದರು. ಅಗಲಕ್ಕೆ ಇನ್ನೂರ ಹತ್ತಡಿ ಬೇಕೇ ಬೇಕು, ದಕ್ಷಿಣದಲ್ಲಿ ಅದು ಇದೆಯಲ್ಲ. ಅಳೆಯುವವರನ್ನು ಅಲ್ಲೇ ಕಾಫಿ ಕೊಟ್ಟು ನಿಲ್ಲಿಸಿಕೊಂಡರಾಯಿತು. ಇಷ್ಟು ವರ್ಷ ಯಾರೂ ನೋಡಿಲ್ಲ, ಇನ್ನೊಂದು ದಿನ ನೋಡದಿದ್ದರೆ ಏನು ಮುಳುಗುತ್ತದೆ?

“ನಾನು ನೋಡಿದೆ, ಸರ್,” ಎಂದಳು ಹುಡುಗಿ. ಹೇಳಿದವಳ ಕಿವಿ ಕೆಂಪಾಯಿತು.

ಮಾವ ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತಿದ್ದ: ಐವತ್ತು ವರ್ಷದ ತಂಡಗಳು, ಎಲ್ಲರ ಕಾಲ ಕೆಳಗೂ ಆ ಗೆರೆ. ಅದು ಚಿತ್ರದಲ್ಲಿಯೂ ನೇರವಾಗಿಯೇ ಕಾಣುತ್ತಿತ್ತು.

“ಒಂದ್ಸಲ ನಿಜವಾಗ್ಲೂ ನೇರ ಎಳೀಬೇಕು ಅಂತ ಆಸೆ ಇದೆ ಸಾಹೇಬ್ರೇ,” ಎಂದ ಅವನು. “ಮೂಡಣದ ಕಡೆ ಬೇಲಿವರೆಗೆ ಹುಲ್ಲು ಸುಮ್ನೆ ಬಿದ್ದಿದೆ. ಇಡೀ ಮೈದಾನಾನೇ ಎಂಟಡಿ ಆಚೆ ತಳ್ಳೋಣ. ಎರಡೂ ಗೋಲು ಕಿತ್ತು ಹೂಳ್ಬೇಕು. ಕತ್ತಲಾಗೋದ್ರೊಳಗೆ ಮುಗಿಯುತ್ತೆ, ಕೈ ಸಿಕ್ಕಿದ್ರೆ.”

ಕೈಗಳಿಗೆ ಕೊರತೆಯಾಗಲಿಲ್ಲ. ಅಭ್ಯಾಸಕ್ಕೆ ಬಂದ ಹನ್ನೊಂದು ಮಂದಿಯೂ ಗುದ್ದಲಿ ಹಿಡಿದರು. ಸಿಟ್ಟಾದವಳು ಗುಬ್ಬಿಯೊಬ್ಬಳೇ. ತಂಡಕ್ಕೆಲ್ಲ ಗಿಡ್ಡಿ, ಬಲಬದಿಯಲ್ಲಿ ಗಾಳಿಯಂತೆ ಓಡುವವಳು, ಅದೃಷ್ಟದ ಮೂಲೆಯಿಂದ ಈ ವರ್ಷ ಆರು ಗೋಲಿಗೆ ಚೆಂಡು ಎತ್ತಿಕೊಟ್ಟವಳು.

“ಫೈನಲ್ಲಿಗೆ ಎರಡು ದಿನ ಇರೋವಾಗ ನನ್ನ ಮೂಲೆ ಕಿತ್ಕೊಂಡ್ರಲ್ಲ. ಎಲ್ಲಾ ಈ ಕಡತದ ಕೆಲಸ,” ಎಂದಳು.

“ಮೂಲೆ ಅಲ್ಲೇ ಇದೆ,” ಹುಡುಗಿ ಮಣ್ಣು ತುಂಬಿದ ಬುಟ್ಟಿ ಎತ್ತುತ್ತ ಹೇಳಿದಳು, “ಗೋಲು ಮಾತ್ರ ದೂರ ಆಯ್ತು.”

ಕಡತಕ್ಕೆ ಬಾಯಿ ಇದೆ ಎಂದು ತಂಡವೆಲ್ಲ ಹೋ ಎಂದಿತು. ಗುಬ್ಬಿ ಮುಖ ಊದಿಸಿಕೊಂಡೇ ಬುಟ್ಟಿಯ ಇನ್ನೊಂದು ಹಿಡಿ ಹಿಡಿದಳು.

ದಕ್ಷಿಣದ ಗೋಲು ಸಲೀಸಾಗಿ ಬಂತು. ಉತ್ತರದ್ದು ಬೇರು ಬಿಟ್ಟಂತೆ ಕೂತಿತ್ತು. ನಿರ್ದೇಶಕರೂ ಪ್ಯಾಂಟು ಮಡಚಿ ಹಗ್ಗಕ್ಕೆ ಕೈ ಹಾಕಬೇಕಾಯಿತು. ಕಂಬ ಸಡಿಲಾಗಿ ಮೇಲೆ ಬಂದಾಗ ಮಾವ ಅದನ್ನು ಅಲ್ಲೇ ಹೂಳಲು ಬಿಡಲಿಲ್ಲ. ನಾಲ್ವರಿಂದ ಹೊರಿಸಿ ಮೂಡಣದ ಹಳೆಯ ಗೆರೆಗೆ ತಂದ. ಮಣ್ಣಿನಲ್ಲಿದ್ದ ಭಾಗ ಬಿಟ್ಟು, ಸರಿಯಾಗಿ ಎಂಟಡಿ ಬೇಲಿಯ ಕಡೆಗೆ ಬರುವಂತೆ ಹುಲ್ಲಿನ ಮೇಲೆ ಮಲಗಿಸಿದ. ಜೇಬಿನಲ್ಲಿ ಉಕ್ಕಿನ ಟೇಪಿತ್ತು, ಅದನ್ನು ಮುಟ್ಟಲಿಲ್ಲ. ಕಂಬದ ತುದಿಯಲ್ಲಿ ಗೂಟ ಬಡಿದು, “ಹದಿನಾಲ್ಕು,” ಎಂದ, ಯಾರಿಗೂ ಅಲ್ಲ ಎಂಬಂತೆ. ಹುಡುಗಿ ಅದನ್ನು ಬರೆದುಕೊಂಡಳು.

ಗೆರೆ ಎಳೆಯುವಾಗ ಅವನಿಗೆ ಕಷ್ಟವಾಯಿತು. ಹತ್ತು ಹೆಜ್ಜೆಗೊಮ್ಮೆ ಕೈ ತಾನಾಗಿ ಒಳಗೆ ವಾಲುತ್ತಿತ್ತು. ಎರಡು ಸಲ ಒರೆಸಿದ. ಮೂರನೆಯ ಸಲ, ಬಿಗಿದು ಕಟ್ಟಿದ ದಾರವೊಂದನ್ನೇ ನೋಡುತ್ತ, ಹೊಸಬನಂತೆ ನಿಧಾನವಾಗಿ ನಡೆದ.

ಮರುದಿನ ಅಳೆಯಲು ಬಂದವರು ಒಬ್ಬ ದಪ್ಪ ಹೆಂಗಸು. ಕಾಫಿ ಬೇಡವೆಂದರು. ಎರಡೂ ತುದಿ ಅಳೆದು, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡ ಟೇಪು ಎಳೆದರು. ಇದನ್ನು ನೋಡಿ ನಿರ್ದೇಶಕರು ನಿಂತಲ್ಲೇ ಬೆವರಿದರು. ಎರಡು ಕರ್ಣಗಳೂ ಒಂದೇ ಬಂದವು.

“ಇಷ್ಟು ಚೊಕ್ಕ ಮೈದಾನ ನೋಡಿ ಬಹಳ ದಿನ ಆಗಿತ್ತು,” ಎಂದರು ಆಕೆ ಸಹಿ ಹಾಕುತ್ತ. “ಯಾವಾಗಿಂದ ಹೀಗಿದೆ?”

“ನಿನ್ನೆ ಸಾಯಂಕಾಲದಿಂದ,” ಎಂದ ಮಾವ.

ಆಕೆ ಅದನ್ನು ತಮಾಷೆಯೆಂದು ತಿಳಿದು ನಕ್ಕರು.

ಫೈನಲ್ಲಿನ ದಿನ ಒಂಬತ್ತು ಮೆಟ್ಟಿಲೂ ತುಂಬಿ, ಜನ ಬೇಲಿಗೆ ಜೋತುಬಿದ್ದಿದ್ದರು. ನಾಲ್ಕನೆಯ ಮೆಟ್ಟಿಲಲ್ಲಿ ತಮ್ಮ ಅಕ್ಷರದ ಮೇಲೆ ಕೂರಲು ಬಂದ ಇಬ್ಬರು ಮುದುಕರು, ಅಲ್ಲಿ ಆಗಲೇ ಕೂತಿದ್ದವರ ಜೊತೆ ವಾದಕ್ಕಿಳಿದಿದ್ದರು. ಡೋಲು, ಸೀಟಿ, ತಟ್ಟೆ ಬಡಿಯುವ ಸದ್ದು. ಮಾವ ಮೂಡಣದ ಗೆರೆಯ ಹೊರಗೆ, ಈಶಾನ್ಯದ ಬಾವುಟದ ಹತ್ತಿರ ಗೋಣಿಚೀಲ ಹಾಸಿಕೊಂಡು ಕೂತಿದ್ದ. ಪಕ್ಕದಲ್ಲಿ ಹುಡುಗಿ, ಪುಸ್ತಕ ತೆರೆದಿದ್ದರೂ ಒಂದಕ್ಷರ ಬರೆಯದೆ. ಅದೃಷ್ಟದ ಮೂಲೆಯಿಂದ ಗುಬ್ಬಿ ಎರಡು ಕಾರ್ನರ್ ಹೊಡೆದಳು. ಎರಡೂ ಗೋಲಿನವರೆಗೆ ತಲುಪದೆ ಮುಂಚೆಯೇ ಇಳಿದವು. ಎರಡನೆಯದರ ನಂತರ ಅವಳು ದೂರದಿಂದಲೇ ಕಡತವನ್ನು ಹುಡುಕಿ ದುರುಗುಟ್ಟಿದಳು.

ಕೊನೆಯ ನಿಮಿಷಗಳವರೆಗೂ ಸೊನ್ನೆ ಸೊನ್ನೆ. ಆಗ ನಡುವಿನಿಂದ ಯಾರೋ ಒದ್ದ ಚೆಂಡು ಬಲಬದಿಗೆ ಉರುಳಿ ಬಂತು. ಗುಬ್ಬಿ ಅದರ ಬೆನ್ನು ಹತ್ತಿದಳು, ಎದುರಾಳಿ ಹುಡುಗಿ ಅವಳ ಬೆನ್ನು ಹತ್ತಿದಳು. ಐವತ್ತು ವರ್ಷ ಸುಣ್ಣ ಕುಡಿದ ಹಳೆಯ ಗೆರೆಯ ಜಾಗ, ಎಷ್ಟು ಮಣ್ಣು ಮುಚ್ಚಿದರೂ, ಬೋಳು ಪಟ್ಟೆಯಂತೆ ಕಾಣುತ್ತಿತ್ತು. ಚೆಂಡು ಅದನ್ನು ದಾಟಿತು. ಇಷ್ಟು ದಿನದ ಅಭ್ಯಾಸ ಗುಬ್ಬಿಯ ಕಾಲನ್ನು ಹಿಡಿದು ನಿಲ್ಲಿಸಿತು. ಅವಳ ಹೆಗಲು ಇಳಿಯಿತು.

ಮಾವ ಎದ್ದು ನಿಂತಿದ್ದ.

“ಓಡು ಮಗಳೇ, ಇನ್ನೂ ಜಾಗ ಇದೆ.”

ಗುಬ್ಬಿ ಅವನನ್ನು ನೋಡಿದಳು, ಚೆಂಡನ್ನು ನೋಡಿದಳು, ಓಡಿದಳು. ಹೊಸ ಗೆರೆಗೆ ಗೇಣು ದೂರದಲ್ಲಿ ಚೆಂಡನ್ನು ಹಿಡಿದು, ತಿರುಗಿ, ತಲೆ ಎತ್ತದೆಯೇ ಗೋಲಿನ ಮುಂದಕ್ಕೆ ಎತ್ತಿ ಒದ್ದಳು. ಹುಡುಗಿ ಪುಸ್ತಕ ಬಿಟ್ಟು ಮಾವನ ತೋಳು ಹಿಡಿದಿದ್ದಳು. ಒಂದು ಗಳಿಗೆ ಡೋಲು ಕೂಡ ಸುಮ್ಮನಿತ್ತು. ಆಮೇಲೆ ಎದುರಿನ ಒಂಬತ್ತು ಮೆಟ್ಟಿಲೂ ಒಟ್ಟಿಗೆ ಎದ್ದು ನಿಂತವು. ಇಟ್ಟಿಗೆಗಳೇ ಕೂಗಿದಂತೆ ಸದ್ದು ಮೈದಾನ ದಾಟಿ ಬಂದು ಎದೆಗೆ ಬಡಿಯಿತು.

ಎಲ್ಲರೂ ಗೋಲಿನ ಕಡೆ ನೋಡುತ್ತಿದ್ದರು. ಮಾವ ನೋಡುತ್ತಿದ್ದದ್ದು ಎರಡು ಗೆರೆಗಳ ನಡುವಿನ ಎಂಟಡಿ ಹುಲ್ಲನ್ನು. ಅವತ್ತಿನವರೆಗೆ ಯಾರೂ ಆಡಿರದ ಆ ಜಾಗದಲ್ಲಿ ಗುಬ್ಬಿಯ ಬೂಟು ಒತ್ತಿದ ಕಡೆಯಲ್ಲೆಲ್ಲ ಹುಲ್ಲು ಮಲಗಿತ್ತು. ಒಂದೊಂದೇ ಎಸಳು, ಮೆಲ್ಲಗೆ, ಮೇಲೇಳತೊಡಗಿತ್ತು.