ಟೀಚರ್ ಮಗಳ ಸರದಿ

ಅಮ್ಮ ಮೂರು ವರ್ಷ ನನಗೆ ಕ್ಲಾಸ್ ಟೀಚರಾಗಿದ್ದಳು. ಆ ಮೂರು ವರ್ಷವೂ ನೋಟ್‌ಬುಕ್ ತಿದ್ದಿಸಿಕೊಳ್ಳುವ ಸಾಲಿನಲ್ಲಿ ನಾನೇ ಕೊನೆ. ಟೀಚರ್ ಮಗಳು ಅಂತ ಯಾರೂ ಬೆರಳು ತೋರಿಸಬಾರದಂತೆ. ಕ್ಲಾಸಿನವರು ನನಗೆ ಬಾಲಂಗೋಚಿ ಅಂತ ಹೆಸರಿಟ್ಟರು. ಮನೆಯಲ್ಲೂ ಅದೇ ಕಾನೂನು. ಮೊದಲು ಬಂದವರು ಹೋದವರು, ಆಮೇಲೆ ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು, ಕಟ್ಟಕಡೆಗೆ ನಾನು. ಯಾರ ಜ್ವರ, ಯಾರ ಜಗಳ, ಯಾರ ಕೆಲಸದ ತಾಪತ್ರಯ, ಎಲ್ಲವೂ ಅವಳ ಮುಂದೆಯೇ ಇತ್ಯರ್ಥವಾಗಬೇಕು. ನಿವೃತ್ತಿಯಾದ ಮೇಲಾದರೂ ಕೈಗೆ ಸಿಗುತ್ತಾಳೆ ಅಂದುಕೊಂಡರೆ, ಲೈಬ್ರರಿಯ ಹಿಂದಿನ ಕೋಣೆಯಲ್ಲಿ ದೊಡ್ಡವರಿಗೆ ಓದು ಬರಹ ಕಲಿಸಲು ಹೊರಟಳು. ಸಂಬಳವಿಲ್ಲ, ರಜೆಯಂತೂ ಇಲ್ಲವೇ ಇಲ್ಲ.

ನನಗೋ ಮೂಗಿನ ತುದಿಯಲ್ಲೇ ಕೋಪ. ನನ್ನ ಆಪರೇಷನ್ ದಿನವೂ ಅವಳು ಪಾಠ ಮುಗಿಸಿಕೊಂಡೇ ಬಂದಾಗ ತಡೆಯಲಾಗಲಿಲ್ಲ.

"ಊರಿಗೆಲ್ಲ ಅಮ್ಮ ನೀನು. ನನಗೆ ಮಾತ್ರ ಟೀಚರ್!"

ಅಮ್ಮ ನನ್ನ ಕಾಲ ಮೇಲೆ ಹೊದಿಕೆ ಸರಿಮಾಡಿದಳು.

ಎರಡು ತಿಂಗಳ ಬಳಿಕ ಅವಳಿಗೇ ಪಾರ್ಶ್ವವಾಯು ಹೊಡೆಯಿತು. ಎಡಗೈ ಬಿದ್ದುಹೋದರೂ ಮಾತು ನೆಟ್ಟಗಿತ್ತು. ಆ ದಿನ ಅಂದದ್ದು ತಪ್ಪಾಯಿತು ಅಂತ ಹೇಳಿಬಿಡಬೇಕಿತ್ತು ನನಗೆ, ಅಷ್ಟೇ. ಆಸ್ಪತ್ರೆಯಲ್ಲಿ ಭೇಟಿಯ ಸಮಯ ನಾಲ್ಕರಿಂದ ಐದು, ಒಳಗೆ ಒಬ್ಬೊಬ್ಬರೇ. ಹೊರಗಿನ ಬೆಂಚಿನ ತುಂಬ ಅವಳ ಹಳೆಯ, ಹೊಸ ವಿದ್ಯಾರ್ಥಿಗಳು: ಬಸ್ ಡ್ರೈವರ್, ಟೈಲರ್, ಹಲ್ಲಿನ ಡಾಕ್ಟರ್. ನಾನು ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಯಾರೂ ಹೇಳಿರಲಿಲ್ಲ, ಅಭ್ಯಾಸ. ದಿನಾ ಕೊನೆಯ ಐದು ನಿಮಿಷ ಸಿಗುತ್ತಿತ್ತು. ಅಷ್ಟರಲ್ಲಿ, "ಡ್ರೈವರ್‌ಗೆ ಎರಡನೇ ಪುಸ್ತಕ ಕೊಡು, ಅತ್ತಿಗೆಗೆ ಮಾತ್ರೆ ನೆನಪಿಸು" ಅನ್ನುವಳು. ಬೆಲ್ ಹೊಡೆಯುತ್ತಿತ್ತು. ಐದು ನಿಮಿಷದಲ್ಲಿ ಎಂಥ ಕ್ಷಮೆ, ನಾಳೆ ಕೇಳೋಣ ಅಂತ ಎದ್ದು ಬರುತ್ತಿದ್ದೆ.

ಆರನೇ ದಿನ ತನ್ನ ಸರದಿ ಬಂದಾಗ ಟೈಲರ್ ಎದ್ದುನಿಂತು, "ಇವತ್ತು ನೀವು ಮೊದ್ಲು ಹೋಗಿಮ್ಮಾ, ನಿಮ್ಮ ತಾಯಿ" ಅಂದ.

"ಅಯ್ಯೋ, ಪರ್ವಾಗಿಲ್ಲ. ನೀವು ಹೋಗಿ ಬನ್ನಿ."

ಸುಳ್ಳೇಕೆ, ಹಾಗೆ ಅನ್ನುವಾಗ ನನಗೆ ಸ್ವಲ್ಪ ಜಂಬವೇ ಇತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಅವನು "ಸಿಸ್ಟರ್, ಸಿಸ್ಟರ್" ಅಂತ ಕೂಗುತ್ತ ಓಡಿಬಂದ. ಎರಡನೇ ಹೊಡೆತ. ನನ್ನನ್ನು ಒಳಗೆ ಬಿಡುವಷ್ಟರಲ್ಲಿ ಅವಳ ಮಾತು ನಿಂತಿತ್ತು, ನನ್ನ ಗುರುತೂ ಇರಲಿಲ್ಲ. ಅವಳ ಕಿವಿಯ ಬಳಿ ಬಗ್ಗಿ ಎಷ್ಟು ಸಲ ಹೇಳಿದೆನೋ. ಮೂರನೇ ದಿನ ಹೋಗಿಬಿಟ್ಟಳು.

ಬಟ್ಟೆಯ ಗಂಟು ಕೊಡುವಾಗ ನರ್ಸ್ ಕೇಳಿದಳು.

"ಬಾಲಂಗೋಚಿ ಅಂದ್ರೆ ನೀವೇನಾ? ಎರಡನೇ ಸಲ ಹೊಡೀತಲ್ಲ, ಅವತ್ತು ಬೆಳಗ್ಗೇನೇ ನನ್ನ ಹತ್ರ ಜಗಳ ಆಡಿ ಒಪ್ಪಿಸಿದ್ರು. ಐದಾದ್ಮೇಲೆ ನನ್ ಮಗಳಿಗೆ ಅರ್ಧ ಗಂಟೆ ಜಾಸ್ತಿ ಬಿಡಿ, ಬೆಲ್ ಹೊಡೀಬೇಡಿ ಅಂತ. ರೂಲ್ಸ್ ಇದೆ ಟೀಚರಮ್ಮ ಅಂದ್ರೆ, ಇದೊಂದ್ಸಲ ಮುರೀರಿ, ಅವಳ ಹತ್ರ ಮಾತಾಡೋದು ಬಾಕಿ ಇದೆ ಅಂದ್ರು."

ನಾನು ಮತ್ತೆ ಅದೇ ಬೆಂಚಿನ ಮೇಲೆ ಕೂತೆ. ಅಲ್ಲಿಂದ ಅವಳ ಬಾಗಿಲಿಗೆ ಹನ್ನೆರಡು ಹೆಜ್ಜೆ. ಆ ದಿನ ಬಾಗಿಲು ತೆರೆದೇ ಇತ್ತು, ಟೈಲರ್ ದಾರಿಯನ್ನೂ ಬಿಟ್ಟಿದ್ದ.